ನನ್ನಮ್ಮ ಜಾನಪದವಲ್ಲ

ತಿಜ್ನಿತ್‌ನಿಂದ ಹೊರಟ ಟ್ಯಾಕ್ಸಿ ಅರ್ಧ ದಾರಿ ಬಂದಿತ್ತು. ಹಿಂದಿನ ಸೀಟಿನಲ್ಲಿ ನಾವು ನಾಲ್ವರು ಒತ್ತಿಕೊಂಡು ಕೂತಿದ್ದೆವು. ನನ್ನ ತೊಡೆಯ ಮೇಲೆ ರಿಬಾಬ್, ನಾನು ನುಡಿಸುವ ಒಂಟಿ ತಂತಿಯ ವಾದ್ಯ. ಮರುದಿನ ಅಗಾದಿರ್‌ನಲ್ಲಿ ಒಂದು ಮದುವೆಗೆ ನುಡಿಸಬೇಕಿತ್ತು.

ಡ್ರೈವರ್ ರೇಡಿಯೋ ಜೋರು ಮಾಡಿದ. ರಾಕ್ ಡ್ರಮ್, ಅಳುವಂಥ ಬ್ಲೂಸ್ ಗಿಟಾರ್, ಅದರ ಮೇಲೆ ಕಲ್ಲು ಬೀಸಿದ ಹಾಗೆ ರ‍್ಯಾಪ್. ಆ ದನಿ ಯಾರದೆಂದು ಮೊದಲ ಸಾಲಿಗೇ ತಿಳಿಯಿತು. ಎಂಟು ತಿಂಗಳ ಹಿಂದೆ ಅವನ ನಂಬರ್ ಬ್ಲಾಕ್ ಮಾಡಿದ್ದೆ. ರೇಡಿಯೋವನ್ನು ಬ್ಲಾಕ್ ಮಾಡುವುದು ಹೇಗೆ? ಮುಖ ಕಿಟಕಿಗೆ ತಿರುಗಿಸಿದೆ.

ರ‍್ಯಾಪ್ ಸಾಲಿನ ನಡುವೆಯೇ ನಿಂತುಹೋಯಿತು. ಆಗ ನನ್ನಮ್ಮ ಹಾಡಿದಳು.

'ಕಲ್ಲೇ, ನನ್ನ ಕೈ ತಿಂದೆ, ಹಾಡು ತಿನ್ನಬೇಡ.'

ಅಮ್ಮ ಸತ್ತು ಹತ್ತು ತಿಂಗಳಾಗಿತ್ತು.

"ಹೊಸ ಆಲ್ಬಂ ತಾಯಿ," ಎಂದ ಡ್ರೈವರ್, ಕನ್ನಡಿಯಲ್ಲಿ ನನ್ನ ಮುಖ ನೋಡಿ. "ನಮ್ಮ ಇನೆಜ್ಗಾನ್ ಹುಡುಗ, ಅನೀರ್. ಆ ಮುದುಕಿ ಯಾರೋ, ಕರುಳು ಹಿಂಡ್ತಾಳೆ."

"ಮುದುಕಿ ಅಲ್ಲ. ಐವತ್ತೆರಡು ವರ್ಷ ಅವಳಿಗೆ," ಎಂದೆ. "ಅಗಾದಿರ್ ಬೇಡ, ನನ್ನನ್ನ ದಾರೀಲಿ ಇನೆಜ್ಗಾನ್‌ನಲ್ಲೇ ಇಳಿಸಿ."

ಟೈರ್ ಅಂಗಡಿಯ ಮೇಲಿನ ಕೋಣೆಯೇ ಅವನ ಸ್ಟುಡಿಯೋ. ಮೂರು ವರ್ಷ ಅಲ್ಲೇ ನಾವಿಬ್ಬರೂ ಒಟ್ಟಿಗೆ ನುಡಿಸಿದ್ದೆವು. ರಿಬಾಬನ್ನು ಕೆಳಗಿನ ಅಂಗಡಿಯವನ ಹತ್ತಿರ ಬಿಟ್ಟು ಮೆಟ್ಟಿಲು ಹತ್ತಿದೆ.

ಅನೀರ್ ಹೆಡ್‌ಫೋನ್ ತೆಗೆದ. ಗಡ್ಡ ಬೆಳೆದಿತ್ತು, ಕಣ್ಣಿನ ಕೆಳಗೆ ಕಪ್ಪು. ನನ್ನ ಹಣೆ, ಮೂಗು, ಗಲ್ಲ, ಎಲ್ಲವೂ ಜಾಗದಲ್ಲಿವೆಯೇ ಎಂದು ಪರೀಕ್ಷೆ ಮಾಡುವವನಂತೆ ನೋಡಿದ.

"ಟೀ ಕುಡೀತೀಯಾ ತಿಲಿಲಾ?"

"ಯಾರನ್ನ ಕೇಳಿ ಹಾಕ್ದೆ ಅಮ್ಮನ ಹಾಡು?"

"ಯಾರನ್ನ ಕೇಳ್ಲಿ? ಬ್ಲಾಕ್ ಮಾಡಿದ್ಯಲ್ಲ."

"ಟ್ಯಾಕ್ಸಿ ಇಲ್ವಾ? ನಾನೀಗ ಹೆಂಗೆ ಬಂದೆ? ಕಾಲು ಮುರ್ದಿತ್ತಾ ನಿಂಗೆ?"

"ನಿಮ್ಮನೆ ಬಾಗ್ಲಿಗಾ? ಇನ್ನೊಂದ್ಸಲನಾ?" ಅವನ ದನಿಯೂ ಏರಿತು. "ಸಾಕಮ್ಮ. ಒಂದ್ಸಲ ಆದ ಮರ್ಯಾದೆನೇ ಸಾಕು."

ಅಂದು ಅವನು ತಾಯಿಯ ಜೊತೆ, ನೀಲಿ ಕಾಗದ ಸುತ್ತಿದ ಸಕ್ಕರೆ ಗೋಪುರ ಹಿಡಿದು ಹೆಣ್ಣು ಕೇಳಲು ನಮ್ಮನೆಗೆ ಬಂದಿದ್ದ. ನಮ್ಮಣ್ಣ ಬಿಹಿ ಸಕ್ಕರೆಯನ್ನು ಮುಟ್ಟಲೂ ಇಲ್ಲ. 'ಬೀದೀಲಿ ಬೊಗಳೋನಿಗೆ ಹೆಣ್ಣು ಕೊಡಲ್ಲ' ಎಂದಿದ್ದ. ಅನೀರ್ ನನ್ನನ್ನೇ ನೋಡುತ್ತಿದ್ದ. ನಾನು ತಲೆ ತಗ್ಗಿಸಿ ಟೀ ಬಗ್ಗಿಸುತ್ತಿದ್ದೆ. ಒಂದು ಮಾತೂ ಆಡಲಿಲ್ಲ. ಅದಾದ ವಾರದಲ್ಲೇ ಅವನು ನಮ್ಮ ಬ್ಯಾಂಡ್ ಬಿಟ್ಟ. ಸೋಲೋ ಆಲ್ಬಂ ಮಾಡುತ್ತಾನಂತೆ ಎಂದು ಬೇರೆಯವರ ಬಾಯಲ್ಲಿ ಕೇಳಿದೆ.

ಮೇಜಿನ ಮೇಲೆ ಆಲ್ಬಮ್ಮಿನ ಡಬ್ಬಿಯಿತ್ತು. ಹಿಂಬದಿ ತಿರುಗಿಸಿದೆ. ಹತ್ತು ಹಾಡು. ಒಂಬತ್ತರ ಮುಂದೆ ಅವನ ಹೆಸರು. ಹತ್ತನೆಯದರ ಮುಂದೆ 'ಜಾನಪದ' ಎಂದಿತ್ತು.

ಡಬ್ಬಿಯನ್ನು ಅವನ ಮುಂದೆ ಕುಕ್ಕಿದೆ.

"ಜಾನಪದನಾ? ನಮ್ಮಪ್ಪ ಕಾಸಾಬ್ಲಾಂಕಾದಲ್ಲಿ ಇನ್ನೊಬ್ಳನ್ನ ಕಟ್ಕೊಂಡ ವರ್ಷ ಅಮ್ಮ ಬೀಸೋ ಕಲ್ಲಿನ ಮುಂದೆ ಕೂತು ಕಟ್ಟಿದ ಹಾಡು ಅದು. ಒಂದೊಂದು ಸಾಲೂ ಅವಳದ್ದು. ನಿನ್ನ ಹಾಡಿಗೆ ನಿನ್ನ ಹೆಸ್ರು, ಅವಳ ಹಾಡಿಗೆ ಯಾರ ಹೆಸ್ರೂ ಇಲ್ವಾ?"

ಅವನ ಮುಖ ಬಿಳಿಚಿಕೊಂಡಿತು. "ಊರವರೆಲ್ಲ ಹಾಡೋದು ಅಂದ್ಕೊಂಡೆ. ನೀನು ಯಾವತ್ತೂ ಹೇಳ್ಲಿಲ್ಲ..."

"ನೀನು ಯಾವತ್ತೂ ಕೇಳ್ಲಿಲ್ಲ! ಅವಳ ಮುಂದೆ ಮೈಕ್ ಹಿಡ್ದೆ, ಅವಳು ಕೊಟ್ಟ ಬಾದಾಮಿ ಉಂಡೆ ತಿಂದೆ, ಎದ್ದು ಬಂದೆ."

ಅವನು ಡಬ್ಬಿಯನ್ನು ತನ್ನ ಕಡೆ ಎಳೆದು ಆ ಸಾಲು ಓದಿದ. ಆಮೇಲೆ ಫೋನ್ ಎತ್ತಿಕೊಂಡು ಯಾರಿಗೋ ಹೇಳಿದ: "ಹತ್ತನೇ ಹಾಡು ಇವತ್ತೇ ಇಳಿಸ್ಬಿಡಿ. ಎಲ್ಲಾ ಕಡೆಯಿಂದ್ಲೂ. ಇಲ್ಲ, ತಪ್ಪು ನಂದೇ."

ಅಷ್ಟಕ್ಕೆ ನಾನು ಹೊರಡಬೇಕಿತ್ತು. "ಉಳಿದ ಒಂಬತ್ತರಲ್ಲಿ ಯಾರದ್ದು ಕದ್ದಿದೀಯ, ಹಾಕು ನೋಡೋಣ," ಎಂದು ಸ್ಟೂಲ್ ಎಳೆದು ಕೂತೆ.

ಹಾಕಿದ. ಎಲ್ಲವೂ ನಮ್ಮ ನುಡಿಯಲ್ಲೇ. ಒಂದರಲ್ಲಿ ಕೈತಮಟೆಯ ಹೊಡೆತ, ಇನ್ನೊಂದರಲ್ಲಿ ಗಂಟಲು ಕಟ್ಟಿದ ಗಿಟಾರ್. ಮೂರನೆಯ ಹಾಡಿಗೆ ನನಗೆ ಅರ್ಥವಾಯಿತು. ಅಣ್ಣನಿಗೆ ಹೆದರುವವಳು ನಾನು. ಟೀ ಬಗ್ಗಿಸುತ್ತಾ ಮೂಗಿಯಾದವಳೂ ನಾನೇ. ಏಳನೆಯದರಲ್ಲಂತೂ ನನ್ನ ಮೊಂಡು ಮೂಗನ್ನೂ ಬಿಟ್ಟಿರಲಿಲ್ಲ.

"ಒಂಬತ್ತೂ ಹಾಡಲ್ಲಿ ನನ್ನೇ ಬೈದಿದೀಯ!"

"ಇನ್ನೂ ಬೈಯೋದಿತ್ತು."

"ಮತ್ತೆ ಹತ್ತನೇದರಲ್ಲಿ ಯಾಕೆ ಅರ್ಧಕ್ಕೇ ನಿಲ್ಲಿಸ್ದೆ?"

ಅವನು ಗಿಟಾರಿನ ತಂತಿಯನ್ನು ಸುಮ್ಮನೆ ಉಗುರಿನಿಂದ ಕೆರೆದ. "ಬೈಯೋಕೆ ಆಗ್ಲಿಲ್ಲ ಕಣೇ. ಬಾಯಿ ತೆಗೆದ್ರೆ 'ವಾಪಸ್ ಬಾ' ಅಂತ ಬರ್ತಿತ್ತು. ಮಾನ ಹೋಗುತ್ತೆ ಅಂತ ಬಾಯಿ ಮುಚ್ಕೊಂಡೆ. ಆ ಜಾಗ ತುಂಬ್ಸೋಕೆ ನಿಮ್ಮಮ್ಮನ ದನಿ ಹಾಕ್ದೆ."

ಆ ಮಾತು ನನಗೆ ಹಿತವಾಯಿತು. ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

"ನಂಗೂ ಸಿಟ್ಟಿದೆ ಅನೀರ್. ಅಮ್ಮ ಹೋಗಿ ಬರೀ ನಲವತ್ತೈದು ದಿನ ಆಗಿತ್ತು. ಗಂಟಲಿಂದ ಒಂದು ಶಬ್ದ ಹೊರಡ್ತಿರ್ಲಿಲ್ಲ ನಂಗೆ. ನೀನು ಇನ್ನೊಂದ್ಸಲ ಬರ್ತೀಯ ಅಂತ ಎರಡು ವಾರ ಬಾಗ್ಲು ಕಾದೆ. ನೀನು ಬರ್ಲಿಲ್ಲ. ಆಲ್ಬಂ ಮಾಡೋಕೆ ಹೋದೆ."

"ಕಾದೆಯಾ?"

"ಕಾದು ಕಾದು ಸಾಕಾಗಿ ಬ್ಲಾಕ್ ಮಾಡ್ದೆ."

ಅವನ ಕಣ್ಣು ತುಂಬಿತು. ನನ್ನದೂ. ಕೆಳಗೆ ಯಾರೋ ಚಕ್ರಕ್ಕೆ ಸುತ್ತಿಗೆಯಿಂದ ಬಡಿಯುತ್ತಿದ್ದರು.

"ಹಾಡು ಇಳಿಸಿದ್ರೆ ಮುಗೀಲಿಲ್ಲ," ಎಂದೆ, ಮೂಗೊರೆಸಿಕೊಂಡು. "ಅಮ್ಮನ ಹೆಸ್ರು ಹಾಕು. 'ಇಜ್ಜಾ' ಅಂತ, ನಿನ್ನ ಹೆಸರಿಗಿಂತ ಮೇಲೆ. ನಿಲ್ಲಿಸಿದ ರ‍್ಯಾಪ್ ಮುಗ್ಸು. ಮಾನ ಹೋದ್ರೆ ಹೋಗ್ಲಿ. ರಿಬಾಬ್ ನಾನು ನುಡಿಸ್ತೀನಿ. ಕೆಳಗಿದೆ, ತಗೊಂಬಾ."

"ಕೆಳಗ್ಯಾಕೆ ಬಿಟ್ಟೆ?"

"ನಿನ್ನ ಹೊಡೆಯೋಕೆ ಎರಡೂ ಕೈ ಬೇಕಿತ್ತು."

ಅವನು ಮೆಟ್ಟಿಲನ್ನು ಮೂರು ಮೂರಾಗಿ ಹಾರಿಕೊಂಡು ಇಳಿದ ಸದ್ದು ಕೇಳಿಸಿತು.

ಹೊಸ ಹಾಡು ಗುರುವಾರ ಹೊರಬಂತು. ಶುಕ್ರವಾರ ಮನೆಯಲ್ಲಿ ಕುಸ್ಕುಸ್ ತಟ್ಟೆಯ ಸುತ್ತ ಎಲ್ಲರೂ ಕೂತಿದ್ದಾಗ ಹೇಳಿದೆ:

"ಅಣ್ಣ, ನಾನು ಅನೀರ್‌ನ ಮದ್ವೆ ಆಗ್ತೀನಿ."

"ಆ ಬೊಗಳೋನನ್ನಾ?"

"ಹೌದು. ನೀನು ಬೊಗಳೋದನ್ನ ಇಷ್ಟು ವರ್ಷ ಕೇಳಿಲ್ವಾ ನಾನು?"

ಬಿಹಿ ತುತ್ತು ಬಿಟ್ಟು ಎದ್ದ. ಬಾಗಿಲು ಗೋಡೆಗೆ ಬಡಿಯಿತು. ಅತ್ತಿಗೆ ಮಾಂಸದ ದೊಡ್ಡ ತುಂಡನ್ನು ನನ್ನ ಕಡೆ ತಳ್ಳಿದಳು.

ಅನೀರ್‌ಗೆ ಫೋನ್ ಮಾಡಿದೆ. "ಬಾ. ಅಣ್ಣ ಸಿಟ್ಟಲ್ಲಿ ಟ್ಯಾಕ್ಸಿ ಸ್ಟ್ಯಾಂಡ್ ಕಡೆ ಹೋಗಿದಾನೆ, ನೀನು ಇಳಿಯೋವಾಗ ಸಿಕ್ತಾನೆ. ಬೈದ್ರೆ ಬೈಸ್ಕೋ. ವಾಪಸ್ ಮಾತ್ರ ಹೋಗ್ಬೇಡ."

ಬಿಸಿಲು ಇಳಿಯುವ ಹೊತ್ತಿಗೆ ಇಬ್ಬರೂ ಬಂದರು. ಇಬ್ಬರ ಮುಖವೂ ಕೆಂಪು. ಅಣ್ಣ ನನ್ನನ್ನು ನೋಡದೆ ಒಳಗೆ ನಡೆದ. ಹೊಸ್ತಿಲು ದಾಟುವಾಗ, "ಅಮ್ಮನ ಹೆಸ್ರು ಎಲ್ಲಕ್ಕಿಂತ ಮೇಲೆ ಹಾಕಿದಾನೆ," ಎಂದ, ಗೋಡೆಗೆ ಹೇಳುವ ಹಾಗೆ.

ಅನೀರ್ ಅಂಗಳದಲ್ಲೇ ನಿಂತಿದ್ದ.

"ಏನಂದ?" ಎಂದು ಕೇಳಿದೆ.

"ದಾರಿಯುದ್ದಕ್ಕೂ ಬೈದ."

"ನೀನು?"

"ತಾಳ ತಪ್ಪದೆ ಬೈತಾನೆ ಕಣೇ ನಿಮ್ಮಣ್ಣ. ಮುಂದಿನ ಆಲ್ಬಮ್ಮಿಗೆ ಕರೀಲಾ ಅಂತ ಕೇಳ್ದೆ."

ನಗು ಬಂದುಬಿಟ್ಟಿತು ನನಗೆ. ಅತ್ತಿಗೆ, ಪಕ್ಕದ ಮನೆಯವರು, ಎಲ್ಲರೂ ನೋಡುತ್ತಿರುವಾಗಲೇ ಅವನ ಕೈ ಹಿಡಿದು ಒಳಗೆ ಎಳೆದುಕೊಂಡೆ.