ಬರಿಗೈಗೆ ಸಿಕ್ಕ ಮದ್ದು

ಹಕ್ಕಿಗಳು ಮನುಷ್ಯರ ಜೊತೆ ಮಾತಾಡುತ್ತಿದ್ದ ಕಾಲದಲ್ಲಿ ಅಂಬರಗಿರಿ ಎಂಬ ರಾಜ್ಯವಿತ್ತು. ಆ ರಾಜ್ಯದವರ ಊಟದ ಉಪ್ಪೆಲ್ಲ ಉಪ್ಪಿನಹಟ್ಟಿಯ ಕುದುರೆಗಳ ಬೆನ್ನ ಮೇಲೆ ಘಟ್ಟ ಹತ್ತಿ ಬರುತ್ತಿತ್ತು. ಅರಸನ ಲಾಯದ ಕುದುರೆ ಸೀನಿದರೂ ವೈದ್ಯರು ಎದ್ದುಬಿದ್ದು ಓಡಿಬರುತ್ತಿದ್ದರು. ಉಪ್ಪು ಹೊರುವ ಕುದುರೆ ಕುಂಟಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅರಸನಿಗೆ ಉಪ್ಪು ಬೇಕಿತ್ತು, ಹೊತ್ತು ತಂದ ಕಾಲಿನ ಗೊಡವೆ ಬೇಕಿರಲಿಲ್ಲ.

ಬರುತ್ತಿದ್ದವನು ಒಬ್ಬನೇ, ಮಾಂತ್ರಿಕ ಕರಿಗಂಟ. ಅವನು ಗಾಯದ ಮೇಲೆ ಉಫ್ ಎಂದು ಊದುತ್ತಿದ್ದ. ಗಾಯ ಮೇಲೆ ಮಾತ್ರ ಮುಚ್ಚಿಕೊಳ್ಳುತ್ತಿತ್ತು. ಅದಕ್ಕೆ ಬದಲಾಗಿ ಕುದುರೆಯ ಕೆನೆತವನ್ನು ಮಡಕೆಯಲ್ಲಿ ಹಿಡಿದು, ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ ಒಯ್ಯುತ್ತಿದ್ದ. ಆಮೇಲೆ ಎಷ್ಟೇ ನೋವಾದರೂ ಆ ಕುದುರೆ ಸೊಲ್ಲೆತ್ತುವಂತಿರಲಿಲ್ಲ. "ನಮ್ಮ ಕುದುರೆ ಎಷ್ಟು ಸಾಧು ನೋಡಿ!" ಎಂದು ಹಟ್ಟಿಯವರು ಹೆಮ್ಮೆಯಿಂದ ಇನ್ನೊಂದು ಮೂಟೆ ಹೇರುತ್ತಿದ್ದರು. ಕೆಟ್ಟವರೇನಲ್ಲ ಪಾಪ, ಅವರಿಗೆ ಗೊತ್ತಾಗುತ್ತಿರಲಿಲ್ಲ.

ಆ ಹಟ್ಟಿಯಲ್ಲಿ ಕೆಂಚಿ ಎಂಬ ಯುವತಿಯಿದ್ದಳು. ಅವಳಿಗೆ ಬಂಧು, ಬಳಗ, ಅನ್ನ ಎಲ್ಲವೂ ಚುಕ್ಕ ಎಂಬ ಕುದುರೆಯೇ. ಚುಕ್ಕನ ಕೆನೆತವೂ ಮಡಕೆ ಸೇರಿತ್ತು. ಒಂದು ಬೆಳಿಗ್ಗೆ ಅದರ ಕಾಲು ತೊಳೆಯುತ್ತಿದ್ದ ಕೆಂಚಿ ಗೊರಸು ಒಳಗೊಳಗೇ ಕೊಳೆತಿರುವುದನ್ನು ಕಂಡಳು.

"ಇಷ್ಟು ನೋವಿಟ್ಕೊಂಡು ನಿನ್ನೆ ಘಟ್ಟ ಹತ್ತಿದ್ಯೇನೋ!" ಎಂದು ಅದರ ಕೊರಳು ತಬ್ಬಿ ಅತ್ತಳು.

ಕರಿಗಂಟನ ಬಳಿ ಓಡಿದರೆ ಅವನು ನಕ್ಕ. "ಇನ್ನು ಅದರ ಹತ್ರ ಉಳಿದಿರೋದು ಉಸಿರೊಂದೇ. ಅದನ್ನ ಕೊಡ್ತೀಯಾ?"

ಅಳುತ್ತ ಬರುತ್ತಿದ್ದವಳಿಗೆ ಒಂದು ಹದ್ದು ದಾರಿ ಹೇಳಿತು. "ಬೆಟ್ಟದ ಮೇಲೆ ಸೋಮಜ್ಜ ಇದ್ದಾನೆ, ಕುದುರೆ ವೈದ್ಯ. ಹೋಗು." ಕೆಂಚಿ ಚುಕ್ಕನನ್ನು ನಿಧಾನವಾಗಿ ಬೆಟ್ಟ ಹತ್ತಿಸಿದಳು.

ಸೋಮಜ್ಜ ಗೊರಸು ನೋಡಿ ಲೊಚಗುಟ್ಟಿದ. ಕೀವು ತೆಗೆದು, ಬಿಸಿನೀರಲ್ಲಿ ತೊಳೆದು, ಹಸಿರು ಮದ್ದು ಹಚ್ಚಿದ.

"ನನಗೇನೂ ಕೊಡಬೇಡ ಮಗಳೇ. ಹಿಂದೆ ಎಲ್ಲ ಕುದುರೆಗೂ ಏನೂ ಕೇಳದೆ ಮದ್ದು ಮಾಡ್ತಿದ್ದೆ, ಕರಿಗಂಟನ ಹತ್ರ ಯಾರೂ ಹೋಗ್ತಿರಲಿಲ್ಲ. ಅದಕ್ಕೇ ಶಾಪ ಹಾಕಿದ. ಯಾರು ಏನು ಕೊಟ್ರೂ ನನ್ನ ಮದ್ದು ಬೂದಿ ಆಗುತ್ತೆ. ಆ ಶಾಪ ಮೀರಿ ಒಂದೇ ಒಂದು ಕುದುರೆ ಪುಕ್ಕಟೆ ವಾಸಿಯಾದ್ರೆ ಅವನ ಮಡಕೆ ಎಲ್ಲಾ ಒಡೆದುಹೋಗುತ್ತೆ."

ಇದೂ ಒಂದು ಶಾಪವೇ ಅನ್ನುತ್ತೀರಾ? ಉಪ್ಪಿನಹಟ್ಟಿಯವರನ್ನು ನೀವು ಕಂಡಿಲ್ಲ. ಪುಕ್ಕಟೆ ತಂದ ಮದ್ದು ನಾಟುವುದಿಲ್ಲ ಎಂದು ಅವರ ಗಟ್ಟಿ ನಂಬಿಕೆ. ಒಂದು ಅಡಿಕೆಯನ್ನಾದರೂ ವೈದ್ಯನ ಕೈಗಿಡದೆ ಅವರು ಹೊಸ್ತಿಲು ದಾಟುವುದಿಲ್ಲ. ಕರಿಗಂಟನಿಗೆ ಇದು ಚೆನ್ನಾಗಿ ಗೊತ್ತಿತ್ತು.

ಕೆಂಚಿ ಹೂಂ ಎಂದಳು. ಆದರೂ ಮನಸ್ಸು ತಡೆಯದೆ ಒಂದು ಅಡಿಕೆಯನ್ನು ಅಜ್ಜನ ಚಾಪೆಯಡಿ ತಳ್ಳಿದಳು. ಮದ್ದು ಬುಸ್ಸೆಂದು ಬೂದಿಯಾಯಿತು. ಚುಕ್ಕ ಮಂಡಿಯೂರಿತು.

"ಅಯ್ಯೋ, ಒಂದು ಅಡಿಕೆ ಅಲ್ವಾ ಅಜ್ಜಾ!"

"ಅಡಿಕೆ ಕೊಟ್ರೂ ಕೊಟ್ಟ ಹಾಗೇ ಮಗಳೇ."

ಅಜ್ಜ ಬೇಸರಿಸದೆ ಮತ್ತೆ ಮದ್ದು ಹಚ್ಚಿದ. ಈ ಸಲ ಕೆಂಚಿ ಏನೂ ಕೊಡಲಿಲ್ಲ. ಸುಮ್ಮನೆ ಕೂರಲು ಮಾತ್ರ ನಾಚಿಕೆಯಾಗಿ, ಪೊರಕೆ ಹಿಡಿದು ಅಂಗಳ ಗುಡಿಸತೊಡಗಿದಳು. ಅರ್ಧ ಗುಡಿಸುವಷ್ಟರಲ್ಲಿ ಮದ್ದು ಬೂದಿಯಾಯಿತು. ಚುಕ್ಕ ನೆಲಕ್ಕೊರಗಿತು.

ಮರಿಗೆಯಲ್ಲಿ ಮದ್ದು ಉಳಿದದ್ದು ಇನ್ನೊಂದೇ ಸಲಕ್ಕೆ. "ಇದೂ ಹೋದ್ರೆ ನನ್ನ ಕೈಲಿ ಏನೂ ಇಲ್ಲ ಮಗಳೇ" ಎಂದು ಹೇಳುತ್ತಲೇ ಅಜ್ಜ ಅದನ್ನು ಬಳಿದು ಹಚ್ಚಿದ.

ಕೆಂಚಿ ಚುಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕೈ ಅಲ್ಲಾಡಿಸಲಿಲ್ಲ. ಆದರೆ ಮನಸ್ಸು ತನ್ನ ಪಾಡಿಗೆ ತಾನು ಹರಕೆ ಹೊರತೊಡಗಿತು, 'ಇದೊಂದು ಬದುಕಿದರೆ ವರ್ಷ ವರ್ಷವೂ ಅಜ್ಜನಿಗೆ...' ಮದ್ದಿನ ಅಂಚು ಬೆಳ್ಳಗಾಗುತ್ತ ಬಂತು. ಕೆಂಚಿ ಬೆಚ್ಚಿ ಹರಕೆಯನ್ನು ನುಂಗಿಕೊಂಡಳು.

"ಇಲ್ಲ ಅಜ್ಜಾ! ಏನೂ ಕೊಡಲ್ಲ. ಇವತ್ತೂ ಕೊಡಲ್ಲ, ನಾಳೆನೂ ಕೊಡಲ್ಲ. ನನ್ನ ಚುಕ್ಕ ಬದುಕಬೇಕು. ಸುಮ್ನೆ ತಗೋತೀನಿ."

ಹೇಳುವಾಗ ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಅಜ್ಜನ ಕಣ್ಣಲ್ಲಿ ನೀರು. "ಕೊನೆಗೂ ಒಬ್ಬಳಾದ್ರೂ ತಗೊಂಡ್ಯಲ್ಲ, ನನ್ನ ತಾಯಿ!"

ಮದ್ದು ಹಸಿರಾಗಿಯೇ ಉಳಿಯಿತು. ಗೊರಸು ಕೂಡಿಕೊಂಡಿತು. ಚುಕ್ಕ ಎದ್ದು ಮೈ ಕೊಡವಿತು. ಕೆಳಗೆ ಕರಿಗಂಟನ ಮಡಕೆಗಳು ಪಟಪಟನೆ ಒಡೆದವು. ಅಷ್ಟೂ ಕೆನೆತಗಳು ಒಮ್ಮೆಗೇ ನುಗ್ಗಿದ ರಭಸಕ್ಕೆ ಅವನು ಧೂಳಾಗಿ ಹಾರಿಹೋದ. ಇತ್ತ ಚುಕ್ಕ ಬೆಟ್ಟ ನಡುಗುವಂತೆ ಕೆನೆಯಿತು.

ಹಟ್ಟಿಯಲ್ಲಿ ಕುದುರೆಗಳೆಲ್ಲ ತಮ್ಮ ತಮ್ಮ ನೋವನ್ನು ಕೂಗಿ ಹೇಳಿದವು. ಜನ ಬಾಯಿಗೆ ಕೈಯಿಟ್ಟು, ಅಳುತ್ತ ಮೂಟೆ ಇಳಿಸಿದರು. ಅವೆಲ್ಲ ವಾಸಿಯಾಗುವವರೆಗೆ ಅರಮನೆಯಲ್ಲಿ ಸಪ್ಪೆ ಸಾರು. ಅರಸನ ನಾಲಿಗೆಗೆ ಬುದ್ಧಿ ಬಂದು, ಘಟ್ಟದ ಬುಡದಲ್ಲಿ ಬಡವರ ಕುದುರೆಗಳಿಗೆ ಪುಕ್ಕಟೆ ವೈದ್ಯಶಾಲೆ ಎದ್ದಿತು. ಶಾಪ ಕಳೆದ ಸೋಮಜ್ಜ ಬೆಟ್ಟ ಇಳಿದು ಬಂದ.

ಚುಕ್ಕ ಮತ್ತೆ ಘಟ್ಟ ಹತ್ತಿದ ಮೊದಲ ದಿನ ಅರ್ಧ ದಾರಿಯಲ್ಲಿ ನಿಂತು ಒಮ್ಮೆ ಗೊಣಗಿತು.

"ಭಾರ ಆಯ್ತೇನೋ? ಹೇಳಿದ್ಯಲ್ಲ, ಸಾಕು ಬಿಡು!" ಎಂದು ಕೆಂಚಿ ನಗುತ್ತ ಒಂದು ಮೂಟೆ ಇಳಿಸಿ ತನ್ನ ತಲೆ ಮೇಲಿಟ್ಟುಕೊಂಡಳು. ಇಬ್ಬರೂ ಜೊತೆಯಾಗಿ ಘಟ್ಟ ಹತ್ತಿದರು. ಆಮೇಲೆ ಅವರಿಗೆ ಕೇಡೆಂಬುದು ಬರಲಿಲ್ಲ.