ಒಲೆರಾಯನ ಬಾಯಿಗೆ ಬಳಿದ ಪಾಕ

ನಮ್ಮ ಒಲೆ ಮೇಲಿನ ದೇವರು ನನ್ನ ಜೊತೆ ಮೊದಲ ಸಲ ಬಾಯಿಬಿಟ್ಟಿದ್ದೇ ಬೈಯೋದಕ್ಕೆ.

"ಬೆಂಕಿ ಕಮ್ಮಿ ಮಾಡೇ ವಾನ್‌ಚ್ಯು. ಸೋಯಾ ಹಾಲು ತಳ ಹಿಡೀತಿದೆ."

ತಿರುಗಿ ನೋಡಿದೆ. ಗೋಡೆಗೆ ಅಂಟಿಸಿದ್ದ ದೇವರ ಚಿತ್ರದ ಕಾಗದ ಖಾಲಿ. ಕಡಾಯಿಯ ಹಬೆಯೊಳಗೆ ಒಬ್ಬ ನಿಂತಿದ್ದ, ಹುಬ್ಬಿಗೆಲ್ಲ ಮಸಿ.

"ನೀನ್ಯಾರೋ?"

"ಎರಡು ವರ್ಷದಿಂದ ನಿನ್ನ ಹೊಗೆ ಕುಡೀತಿರೋನು. ಕಾಗದ ಮಾತ್ರ ವರ್ಷಾ ವರ್ಷ ಹೊಸದು, ಒಳಗಿರೋನು ನಾನೇ."

ಅವನಿಗೆ ಒಲೆರಾಯ ಅಂತ ಹೆಸರಿಟ್ಟೆ. ಬೆಳಿಗ್ಗೆ ಅಂಗಡಿಗೆ ತೋಫು, ಅಂದ್ರೆ ಸೋಯಾ ಪನೀರು, ಮಾಡೋಕೆ ಹಾಲು ಕಾಯಿಸುವಾಗ ಹಬೆ ಎದ್ದರೆ ಬರುತ್ತಿದ್ದ, ಹಬೆ ಆರಿದರೆ ಕಾಗದಕ್ಕೆ ವಾಪಸ್. ಹೊರಗೆ ಗಿರಾಕಿಗಳು ಕೂಗುತ್ತಿದ್ದರೂ ಹಬೆ ಆರದಿರಲಿ ಅಂತ ನಾನು ಇನ್ನೊಂದು ಕಡಾಯಿ ಇಡುತ್ತಿದ್ದೆ. ಅವನು ನನ್ನ ಕೈಯನ್ನೇ ನೋಡುತ್ತಾ ಕೂರುತ್ತಿದ್ದ. ನಾನು ಕಣ್ಣೆತ್ತಿದರೆ ತಟ್ಟನೆ ಸೌದೆ ಸರಿಮಾಡುತ್ತಿದ್ದ. ದೇವರಂತೆ ದೇವರು, ಕಿವಿ ಕೆಂಪಾಗೋದನ್ನ ಮುಚ್ಚಿಡೋಕೂ ಬರುತ್ತಿರಲಿಲ್ಲ.

ವರ್ಷದ ಕೊನೇ ತಿಂಗಳು ಬಂತು. ಇಪ್ಪತ್ತಮೂರನೇ ದಿನ ಊರೂರಿನ ಒಲೆದೇವರುಗಳೆಲ್ಲ ಮೇಲಕ್ಕೆ ಹೋಗಿ ಸ್ವರ್ಗದ ದೊರೆಯ ಸಭೆಯಲ್ಲಿ ತಮ್ಮ ಮನೆಯ ವರದಿ ಒಪ್ಪಿಸಬೇಕು.

"ಈ ಸಲ ಈ ಮನೇಲಿ ನಂಗೆ ಮೂರು ವರ್ಷ ತುಂಬುತ್ತೆ," ಅಂದ. "ದೊರೆ ಏನೋ ಕೇಳ್ತಾರಂತೆ."

"ನಮ್ಮ ವಿಷಯ ಕೇಳಿದ್ರೆ?"

"ನಂಗೆ ಸುಳ್ಳು ಹೇಳೋಕೆ ಬರಲ್ಲ ಕಣೇ. ಮನುಷ್ಯರ ಹುಡುಗೀನ ಪ್ರೀತಿಸಿದೋನನ್ನ ಮತ್ತೆ ಕೆಳಗೆ ಬಿಡಲ್ಲ."

"ಪ್ರೀತಿಸಿದೋನು ಅಂದ್ಯಾ?"

ಅವನು ಸೌದೆ ಸರಿಮಾಡಿದ.

ದೇವರು ಹೊರಡುವ ಮುಂಚೆ ಬಾಯಿಗೆ ಅಂಟುಪಾಕ ಹಚ್ಚೋದು ವಾಡಿಕೆ, ಮೇಲೆ ಹೋಗಿ ಸಿಹಿಯಾಗೇ ಮಾತಾಡಲಿ ಅಂತ. ಅದು ಗಂಡಸರ ಕೆಲಸ. ಅಪ್ಪ ಬೆರಳ ತುದಿಯಷ್ಟೇ ಸವರುತ್ತಿದ್ದರು. ಅಪ್ಪ ಆ ವರ್ಷವೇ ತೀರಿಕೊಂಡಿದ್ದರು. ಪಕ್ಕದ ಮನೆಯ ಪಾಂಗ್ ತಾತ "ನಾನು ಬಂದು ಮಾಡ್ಲೇನಮ್ಮಾ?" ಅಂದರೆ ಬೇಡ ಅಂದೆ. ಒಲೆರಾಯನ ತುಟಿ ತೆರೆಯೋದೇ ಬೇಡ ಅಂತ ಚಿತ್ರದ ಬಾಯಿಗೆ ಒಂದಿಡೀ ಬಟ್ಟಲು ಪಾಕ ಬಳಿದು, ಅವನನ್ನ ಮೇಲಕ್ಕೆ ಕಳಿಸೋಕೆ ಅಂಗಳದಲ್ಲಿ ಕಾಗದ ಸುಟ್ಟೆ. ಹೊಗೆಯೊಳಗಿಂದ ಅವನು ಬಾಯಿ ತೋರಿಸಿ ಏನೋ ಸನ್ನೆ ಮಾಡಿದ. ನಾನು, ಪೆದ್ದಿ, ನಕ್ಕು ಕೈ ಬೀಸಿದೆ.

ಹೊಸ ವರ್ಷಕ್ಕೆ ಹೊಸ ಕಾಗದ ಅಂಟಿಸಿದೆ. ಹಬೆಯಿಂದ ಇಳಿದವನು ಬಿಳಿ ಗಡ್ಡದ ಮುದುಕ.

"ಅವನೆಲ್ಲಿ?"

"ಉತ್ತರದ ಯಾವುದೋ ಹಿಮದೂರಿಗೆ ಹಾಕಿದ್ರು ಮಗಳೇ. ದೊರೆ ಕೇಳಿದ್ದು ಒಂದೇ ಮಾತು, 'ಅದೇ ಮನೆಗೆ ಮತ್ತೆ ಹೋಗ್ತೀಯಾ?' ಅಂತ. ಮೂರು ವರ್ಷ ತುಂಬಿದೋರನ್ನೆಲ್ಲ ಕೇಳೋದೇ ಅದು. ಬಾಯಿಬಿಟ್ಟು ಹೂಂ ಅನ್ಬೇಕು, ತಲೆ ಆಡಿಸಿದ್ರೆ ನಡೆಯಲ್ಲ. ಮೂರು ಸಲ ಕೇಳಿದ್ರು. ಪಾಪ, ಉಗುರಲ್ಲಿ ಪಾಕ ಕಿತ್ತೂ ಕಿತ್ತೂ ತುಟಿಯೆಲ್ಲ ರಕ್ತ ಮಾಡ್ಕೊಂಡ. ಹೊಟ್ಟೆಬಾಕ ಅಂತ ಸಭೆಯೆಲ್ಲ ನಕ್ಕಿತು."

ಅವನು ಬರದ ಹಾಗೆ ನಾನೇ ಕೈಯಾರೆ ಮಾಡಿಕೊಂಡಿದ್ದೆ.

"ಪಾಕ ಕರಗಿದ ಮೇಲೆ ಏನಾದ್ರೂ ಹೇಳಿದ್ನಾ?"

"ಬೆಂಕಿ ಕಮ್ಮಿ ಇಟ್ಕೊಳ್ಳೋಕೆ ಹೇಳು ಅಂದ."

ಹನ್ನೊಂದು ವರ್ಷವಾಯಿತು. ಈಗ ದೇವರ ಬಾಯಿಗೆ ಪಾಕ ಮುಟ್ಟಿಸೋದೇ ಇಲ್ಲ. "ಅವನ ಪ್ರೀತಿ ವಿಷಯ ಎತ್ತಬೇಡಿ, ನನ್ನದೊಂದೇ ಹೇಳಿ," ಅಂತ ಮುದುಕನನ್ನು ಕಳಿಸುತ್ತೇನೆ. "ಈ ಮನೆಯವಳಿಗೆ ಹಳೇ ಒಲೆದೇವರ ಮೇಲೆ ಪ್ರೀತಿ, ಇನ್ನೂ ಹೋಗಿಲ್ಲ ಅಂತ ತುಂಬಿದ ಸಭೇಲಿ ಗಟ್ಟಿಯಾಗಿ ಹೇಳಿ. ಅವನೂ ಅಲ್ಲೇ ನಿಂತಿರ್ತಾನೆ."

ಪ್ರತಿ ವರ್ಷ ಮುದುಕ ವಾಪಸ್ ಬಂದು ಒಂದೇ ಮಾತು ಹೇಳುತ್ತಾನೆ. "ಕೇಳಿಸ್ಕೊಂಡ ಮಗಳೇ. ಕಿವಿ ಕೆಂಪಾಯ್ತು."

ನಾನು ತಟ್ಟನೆ ಸೌದೆ ಸರಿಮಾಡುತ್ತೇನೆ.