ಮೂರನೆಯ ಶಿಫಾರಸು

ಅರ್ಜಿಯ ಪುಟದಲ್ಲಿ ಮೂರು ಹೆಸರುಗಳಿದ್ದವು. ಎರಡರ ಮುಂದೆ ಹಸಿರು ಗುರುತು. ಮೂರನೆಯದರ ಮುಂದೆ ಬೆಳಗ್ಗೆಯಿಂದ ಅದೇ ಹಳದಿ: 'ನಿರೀಕ್ಷೆಯಲ್ಲಿದೆ'. ಪುಟವೇನೂ ನಿರೀಕ್ಷಿಸುತ್ತಿರಲಿಲ್ಲ, ಕಾದು ಕಾದು ಕಣ್ಣು ಬಿದ್ದುಹೋದದ್ದು ಅವಳದು.

ಮಾಹಿತಿ ವಿಜ್ಞಾನದಲ್ಲಿ ಪಿಎಚ್‌ಡಿಗೆ ಸೇರಲು ಏನೇನು ಬೇಕೆಂದು ಕೇಳಿದರೆ ಅವಳು ನಿದ್ದೆಯಲ್ಲೂ ಒಪ್ಪಿಸಬಲ್ಲಳು. ಮೊಹರು ಬಿದ್ದ ಅಂಕಪಟ್ಟಿ. ಯಾಕೆ ಓದುತ್ತೀರಿ ಎಂಬುದಕ್ಕೊಂದು ಪ್ರಬಂಧ. ಇಂಗ್ಲಿಷಿನಲ್ಲೇ ಎಂಎ ಮುಗಿಸಿದವಳಿಗೂ ಇಂಗ್ಲಿಷ್ ಬರುತ್ತದೆ ಎಂಬುದಕ್ಕೆ ಪರೀಕ್ಷೆಯ ಅಂಕ. ಮಾರ್ಗದರ್ಶನಕ್ಕೆ ಒಪ್ಪಿದ ಪ್ರಾಧ್ಯಾಪಕರು. ಮೂರು ಶಿಫಾರಸು ಪತ್ರ, ಅದರಲ್ಲೊಂದು ಮೇಲಧಿಕಾರಿಯದು, ಈಗಿನವರೋ ಹಿಂದಿನವರೋ. ಪರೀಕ್ಷೆಯ ಅಂಕ ಎರಡೇ ವರ್ಷಕ್ಕೆ ಹಳಸುತ್ತದೆ. ಹೋದ ವರ್ಷ ಪ್ರಾಧ್ಯಾಪಕರು ಸಿಗಲಿಲ್ಲ. ಈ ವರ್ಷ ಸಿಕ್ಕಿದ್ದರು. ಇವತ್ತು ಸಂಜೆ ಅರ್ಜಿ ಹೋಗದಿದ್ದರೆ ಮತ್ತೆ ಮೊದಲಿಂದ ಅ ಆ ಇ ಈ.

ಆ ಮೇಲಧಿಕಾರಿ ಎದುರು ಮೇಜಿನಲ್ಲೇ ಕೂತಿದ್ದ.

ಗ್ರಂಥಾಲಯದ ಕ್ಯಾಟಲಾಗ್ ವಿಭಾಗವೆಂದರೆ ಅವರಿಬ್ಬರೇ. ನಡುವೆ ಹೊಸ ಪುಸ್ತಕಗಳ ಟ್ರಾಲಿ. ಅವಳು ಪುಸ್ತಕ ದಾಖಲಿಸುತ್ತಾಳೆ, ಅವನು ತಿದ್ದುತ್ತಾನೆ. ಒಂದು ಚುಕ್ಕಿ ಆಚೀಚೆಯಾದರೂ ವಾಪಸು. ಇಡೀ ಕಟ್ಟಡ ಬೆನ್ನ ಹಿಂದೆ ಅವನನ್ನು 'ಅಲ್ಪವಿರಾಮ' ಎನ್ನುತ್ತಿತ್ತು. ಅವಳು ಒಮ್ಮೆ ಮುಖದೆದುರೇ ಅಂದುಬಿಟ್ಟಿದ್ದಳು. ಆಗ ಅವನು ನಕ್ಕಿದ್ದ. ಕನ್ನಡಕದ ಕೆಳಗೆ ಕೆನ್ನೆಯಲ್ಲಿ ಮೂಡಿದ ಗೆರೆಯನ್ನು ಅವಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ್ದಳು.

ಇವತ್ತು ಆ ಕೆನ್ನೆಗೇ ಬಾರಿಸಬೇಕು ಅನ್ನಿಸುತ್ತಿತ್ತು.

"ಸರ್, ಶಿಫಾರಸಿನ ಲಿಂಕ್ ಬಂದಿದ್ಯಾ?"

"ಬಂದಿದೆ."

"ಓಪನ್ ಆಗ್ತಿದ್ಯಾ?"

"ಆಗ್ತಿದೆ."

"ಮತ್ತೆ?"

"ನೋಡ್ತಿದೀನಿ ರೀ."

"ಏನು ನೋಡ್ತೀರಾ ಸರ್, ಅದೇನು ಸಿನಿಮಾನಾ?"

ಅವನು ನಗಲಿಲ್ಲ. ಆಗಲೇ ತಿದ್ದಿ ಮುಗಿಸಿದ್ದ ಪುಸ್ತಕವನ್ನು ಎತ್ತಿಕೊಂಡು ಮತ್ತೆ ತಿದ್ದತೊಡಗಿದ.

ಕಾರಿಡಾರಿನಲ್ಲಿ ನಿಂತು ಅವಳು ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ನರ್ಸ್, ಅವಳಿಗೆ ರೋಗಕ್ಕಿಂತ ಮೊದಲು ಕಾರಣ ಗೊತ್ತಾಗುತ್ತದೆ.

"ಹೊಟ್ಟೆಕಿಚ್ಚು ಕಣೇ. ನೀನು ಡಾಕ್ಟರೇಟ್ ಮಾಡ್ಕೊಂಡು ಬಂದ್ರೆ ಅವನು ನಿನ್ನ ಕೈಕೆಳಗೆ ಬರ್ಬೇಕಲ್ಲ."

"ಅವರು ಹಾಗಲ್ಲ ಅಕ್ಕ."

"ನೋಡು, 'ಅವರು ಹಾಗಲ್ಲ' ಅಂತೆ! ಹಾಗಾದ್ರೆ ನಿನಗೆ ಆ ಯೋಗ್ಯತೆ ಇಲ್ಲ ಅಂದ್ಕೊಂಡಿರ್ಬೇಕು. ಎರಡರಲ್ಲಿ ಒಂದು. ವಾರ್ಡಿಗೆ ಹೋಗ್ಬೇಕು, ಇಡ್ತೀನಿ."

ಎರಡನೆಯದು ನಾಟಿತು. 'ಮಗುಗೆ ಹಾಲು ಸಾಲ್ತಿಲ್ಲ' ಎಂದು ಹುಡುಕುವ ತಾಯಿಗೆ ಪುಸ್ತಕ ಸಿಗುವುದಿಲ್ಲ, ಯಾಕೆಂದರೆ ಕ್ಯಾಟಲಾಗಿನಲ್ಲಿ ಅದರ ಹೆಸರು 'ಸ್ತನ್ಯಪಾನ'. ಜನ ಕೇಳುವ ಮಾತಿಗೂ ನಾವು ಬರೆದಿಡುವ ಮಾತಿಗೂ ನಡುವಿನ ಈ ಕಂದಕವೇ ಅವಳ ಸಂಶೋಧನೆಯ ವಿಷಯ. ಅದನ್ನು ಮೊದಲು ಕೇಳಿಸಿಕೊಂಡವನು ಅವನೇ. ಚಹಾ ಆರಿಹೋಗುವವರೆಗೆ ಕೇಳಿದ್ದ. ಆಮೇಲೆ, "ಇದನ್ನ ನೀವೇ ಮಾಡ್ಬೇಕು ರೀ" ಅಂದಿದ್ದ. ಅಂದಿದ್ದೆಲ್ಲ ಬರೀ ಬಾಯುಪಚಾರವೇ?

ಒಳಗೆ ಬಂದು ಅವನ ಮೇಜಿನ ಮುಂದೆ ನಿಂತಳು.

"ಸರ್, ಬರೆಯೋಕೆ ಇಷ್ಟ ಇಲ್ಲದಿದ್ರೆ ಹೇಳಿಬಿಡಿ."

"ಬರೆದಾಗಿದೆ. ಹೋದ ವಾರಾನೇ. ಮೂರು ಪುಟ."

"ಮತ್ತೆ ಕಳಿಸೋಕೆ ಏನು ಧಾಡಿ?" ಬಾಯಿ ಜಾರಿತು. ಜಾರಿದ್ದು ಜಾರಲಿ ಎಂದು ಅವಳು ಹಿಡಿಯಲೂ ಹೋಗಲಿಲ್ಲ.

ಅವನು ಮಾನಿಟರನ್ನು ಅವಳತ್ತ ತಿರುಗಿಸಿದ. ಪತ್ರಕ್ಕಿಂತ ಮೊದಲು ಒಂದು ಪ್ರಶ್ನೆಯಿತ್ತು. ಅರ್ಜಿದಾರರೊಂದಿಗೆ ನಿಮಗೆ ವೃತ್ತಿಯ ಆಚೆಗೆ ವೈಯಕ್ತಿಕ ಸಂಬಂಧ ಇದೆಯೇ? ಇದೆ, ಇಲ್ಲ. ಎರಡರಲ್ಲಿ ಒಂದನ್ನು ಒತ್ತದೆ ಮುಂದಿನ ಪುಟ ತೆರೆಯದು.

"'ಇಲ್ಲ' ಅಂತ ಒತ್ತಿ ಸರ್!"

"ಒತ್ತಿದೆ. ಆಮೇಲೆ ತೆಗೆದೆ."

"ಯಾಕೆ?"

"ಸುಳ್ಳು ಅನ್ನಿಸ್ತು."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವನ ಕಿವಿ ಕೆಂಪಾಗಿತ್ತು.

"ಹಾಗಾದ್ರೆ… 'ಇದೆ' ಅಂತ ಒತ್ತಬೇಕಿತ್ತು."

"ಹೇಗೆ ಒತ್ತಲಿ? ನಿಮ್ಮನ್ನ ಕೇಳೇ ಇಲ್ಲವಲ್ಲ. ಇರೋದು ನನ್ನ ಕಡೆ ಅಷ್ಟೇ. ಒಂದೇ ಕಡೆ ಇದ್ರೆ ಅದನ್ನ ಸಂಬಂಧ ಅಂತಾರಾ? ಸೂಚನೆಗಳನ್ನೆಲ್ಲ ಓದಿದೆ. ಎಲ್ಲೂ ವಿವರಣೆ ಕೊಟ್ಟಿಲ್ಲ."

ಲೋಕದಲ್ಲಿ ಯಾರಾದರೂ ಹೀಗೆ ಪ್ರೀತಿ ಹೇಳುತ್ತಾರೆಯೇ, ಪ್ರಶ್ನೆಪತ್ರಿಕೆಯಲ್ಲಿ ಲೋಪವಿದೆ ಎಂದು ದೂರು ಕೊಡುವವನ ಹಾಗೆ? ಅವಳಿಗೆ ನಗಬೇಕೋ ಟ್ರಾಲಿಯನ್ನೇ ಅವನ ಮೇಲೆ ನೂಕಬೇಕೋ ತಿಳಿಯಲಿಲ್ಲ.

"ಕೇಳ್ಬೇಕಿತ್ತು ತಾನೇ?"

"ಶಿಫಾರಸು ನನ್ನ ಕೈಲಿಟ್ಕೊಂಡು ಹೇಗೆ ಕೇಳೋದು? ನೀವು ಬೇಡ ಅಂದ್ರೆ ಸರಿ. ಹೂಂ ಅಂದ್ರೆ? ಪತ್ರಕ್ಕೋಸ್ಕರ ಅಂದ್ರೋ ಏನೋ ಅಂತ ಜೀವಮಾನ ಪೂರ್ತಿ ಕೊರೀತಾ ಇರತ್ತೆ."

"ಅದಕ್ಕೆ ಸುಮ್ನೆ ಕೂತು ನನ್ನ ಅರ್ಜಿ ಮುಳುಗಿಸ್ತಿದ್ರಿ!"

"ಇಲ್ಲ ರೀ. 'ಇಲ್ಲ' ಅಂತ ಒತ್ತಿ ಕಳಿಸೋದು, ಆಮೇಲೆ ಯಾವತ್ತೂ ನಿಮ್ಮನ್ನ ಏನೂ ಕೇಳದೇ ಇರೋದು. ಹಾಗೆ ತೀರ್ಮಾನ ಮಾಡಿದ್ದೆ. ಆ ಎರಡನೇದು ಆಗ್ತಿಲ್ಲ." ಅವನ ಕೈ ಮೌಸಿನತ್ತ ಸರಿಯಿತು. "ಈಗ ಒತ್ತಿಬಿಡ್ತೀನಿ."

"ಕೈ ತೆಗೀರಿ."

ಅವಳು ತನ್ನ ಮೇಜಿಗೆ ಹೋಗಿ ಏನೋ ಒತ್ತಿದಳು. ಅವನತ್ತ ನೋಡದೆ ಹೊರಟು, ಮೆಟ್ಟಿಲು ಹತ್ತಿದಳು.

ಮೇಲಿನ ಮಹಡಿಯಲ್ಲಿ ಪತ್ರಿಕೆಗಳ ವಿಭಾಗ. ಅದರ ಮುಖ್ಯಸ್ಥೆಗೆ ಎಲ್ಲರೂ ಇಟ್ಟ ಹೆಸರು ಗುಡುಗಮ್ಮ. ಅವರ ಕೈಕೆಳಗೆ ವರ್ಷಗಟ್ಟಲೆ ದುಡಿದು, ಕೊನೆಗೆ ಜಗಳವಾಡಿ, ಇನ್ನು ಈ ಮಹಡಿಗೆ ಕಾಲಿಡುವುದಿಲ್ಲ ಎಂದು ಹೇಳಿ ಅವಳು ಕೆಳಗಿಳಿದಿದ್ದಳು. ಈಗ ಹತ್ತಿ ಬಂದು, ಉಸಿರು ಬಿಡದೆ ವಿಷಯ ಹೇಳಿದಳು.

"ಕೆಲಸ ಬಿದ್ದಾಗ ನೆನಪಾದ್ನಾ ನಾನು?"

"ಹೌದು ಮೇಡಂ."

"ಕೆಳಗಿರೋನು ಯಾಕೆ ಬರೀಲಿಲ್ಲ? ನಿಯತ್ತಿನ ಮನುಷ್ಯ."

"ಅವರು ಬರೆಯೋ ಹಾಗಿಲ್ಲ ಮೇಡಂ."

"ಯಾಕಮ್ಮಾ?"

ಅವಳು ಕಿಟಕಿ ನೋಡಿದಳು. ಗುಡುಗಮ್ಮ ಅವಳನ್ನು ನೋಡಿದರು.

"ಓಹೋ," ಅಂದರು. "ಕೂತ್ಕೋ. ಜಗಳಗಂಟಿ ಅಂತ ಬರೀತೀನಿ."

"ಬರೀರಿ."

"ಹಿಡಿದ ಕೆಲಸ ಬಿಡೋಳಲ್ಲ ಅಂತಾನೂ ಬರೀಬೇಕಲ್ಲ, ಹಾಳಾದ್ದು!"

ಅರ್ಜಿ ಕಳಿಸಿ ಇಳಿದು ಬಂದಾಗ ಅವನು ಮೆಟ್ಟಿಲಿನ ಬುಡದಲ್ಲಿ ನಿಂತಿದ್ದ.

"ಏನು ಮಾಡಿದ್ರಿ?"

"ನಿಮ್ಮ ಹೆಸರು ತೆಗೆದುಹಾಕಿದೆ. ಮೇಡಂ ಬರೆದ್ರು. ಅರ್ಜಿ ಹೋಯ್ತು."

ಅವನ ಮುಖ ಸಣ್ಣಗಾಯಿತು. "ಒಳ್ಳೇದಾಯ್ತು."

"ಏನು ಒಳ್ಳೇದಾಯ್ತು? ಈಗ ನಿಮ್ಮ ಕೈಲಿ ನನ್ನದು ಏನೂ ಇಲ್ಲ. ಕೇಳೋದಿದ್ರೆ ಕೇಳಿ ಸರ್."

ಅವನು ಕನ್ನಡಕ ಸರಿಮಾಡಿಕೊಂಡ.

"ಒಂದ್ನಿಮಿಷ. ಸರಿಯಾಗಿ ಕೇಳ್ಬೇಕು."

"ಅಯ್ಯೋ ದೇವರೇ!" ಎಂದು ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು.

ಅವನು ಕೇಳತೊಡಗಿದ. ಅರ್ಧಕ್ಕೇ ಅವಳು "ಹೂಂ" ಅಂದಳು. ಅವನು ಮಾತ್ರ ಕೊನೆಯ ಪದದವರೆಗೂ ಕೇಳಿ ಮುಗಿಸಿಯೇ, ಅವಳ ಪಕ್ಕ ಕೂತು ಉಸಿರುಬಿಟ್ಟ.